ಎರಡು ಬಿಳಿ ಹಾವು, ಆರು ಕಂದು ಮರಿ

ಆ ದಿನ ಮೇಸ್ತ್ರಿಯ ಮನೆಯಲ್ಲಿ ನಾನು ಏನು ಹೇಳಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನನ್ನ ನೆನಪಿನ ಪ್ರಕಾರ ನಾನು ದನಿ ಎತ್ತಲಿಲ್ಲ, ಕೊಟ್ಟ ಚಹಾ ಕುಡಿದೆ, "ಎಲ್ಲೋ ಅದಲುಬದಲಾಗೇದ ನೋಡ್ರಿ" ಎಂದಷ್ಟೇ ಹೇಳಿದೆ. ನನ್ನ ತಂಗಿಯ ಪ್ರಕಾರ ನಾನು ಚಹಾ ಮುಟ್ಟಲೇ ಇಲ್ಲ, ಹೇಳಿದ್ದು "ಸುಳ್ಳು ಹೇಳಬ್ಯಾಡ್ರಿ" ಎಂದು. ಮೇಸ್ತ್ರಿಯ ಹೆಂಡತಿ ಆಮೇಲೆ ತಂಗಿಗೆ ಹೇಳಿದ್ದು ಮೂರನೆಯದು: ನಾನು ಅವರ ಗಂಡನ ಮುಖಕ್ಕೆ ಬೆರಳು ಮಾಡಿ ಮಾತಾಡಿದೆ. ಹತ್ತಡಿ ಕೋಣೆಯಲ್ಲಿ ಕುಳಿತಿದ್ದವರು ನಾಲ್ಕು ಜನ. ನಾಲ್ಕನೆಯವರಾದ ಮೇಸ್ತ್ರಿ ಆ ಬಗ್ಗೆ ಇವತ್ತಿನವರೆಗೂ ಏನೂ ಹೇಳಿಲ್ಲ.

ನೆನಪು ಸಾಕ್ಷಿಯಲ್ಲ ಎಂದು ನಾನು ವರ್ಷಕ್ಕೆ ಇನ್ನೂರು ವಿದ್ಯಾರ್ಥಿಗಳಿಗಾದರೂ ಹೇಳುತ್ತೇನೆ. ಪುಣೆಯ ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಜೀವಶಾಸ್ತ್ರ ಕಲಿಸುವುದು ನನ್ನ ಕೆಲಸ. ವಿಶ್ವವಿದ್ಯಾಲಯದಲ್ಲಿ ಓದಿದ್ದು ತಳಿಶಾಸ್ತ್ರ. ಸಂಶೋಧನೆ ಅರ್ಧಕ್ಕೆ ಬಿಟ್ಟೆ, ಅದರ ಕಾರಣವೂ ಈಗ ಸರಿಯಾಗಿ ನೆನಪಿಲ್ಲ. ಈಗ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಬರುವ ಲೆಕ್ಕಗಳನ್ನು ಬಿಡಿಸಿ ತೋರಿಸುತ್ತೇನೆ. ತಂದೆಯ ಜೀನು ಮೇಲೆ, ತಾಯಿಯದು ಪಕ್ಕಕ್ಕೆ, ನಡುವೆ ನಾಲ್ಕು ಮನೆಯ ಚೌಕ. ಒಂದು ದಿನಕ್ಕೆ ಇಂಥ ಎಷ್ಟು ಚೌಕ ಬರೆಯುತ್ತೇನೋ ಲೆಕ್ಕವಿಲ್ಲ. ಉತ್ತರ ಯಾವಾಗಲೂ ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಒಂದಾಗಿರುತ್ತದೆ. ಈ ಅಭ್ಯಾಸವೇ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ಹಾವಿನ ಹುಚ್ಚು ನನ್ನದಲ್ಲ, ತಂಗಿಯದು. ಅವಳು ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಕೋಥರೂಡದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಾಳೆ. ಒಬ್ಬಳೇ ಎನ್ನುವುದು ತಪ್ಪು, ಒಂದು ಬಾಲ್ ಪೈಥಾನ್ ಜೊತೆ ಇದ್ದಾಳೆ. ಇದು ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ವಿಷವಿಲ್ಲ, ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆ ಒಳಗಿಟ್ಟುಕೊಳ್ಳುತ್ತದೆ. ನಮ್ಮ ನೆಲದ ಹಾವನ್ನು ಸಾಕುವಂತಿಲ್ಲ; ಇದನ್ನು ಸರ್ಕಾರಕ್ಕೆ ತಿಳಿಸಿ, ನೋಂದಾಯಿಸಿ ಸಾಕಬಹುದು. ಸಹಜವಾಗಿ ಅದರ ಮೈ ಕಪ್ಪು, ಅದರ ಮೇಲೆ ಕಂದು ಮಚ್ಚೆ. ತಂಗಿಯದು ಹಾಗಲ್ಲ, ಅಲ್ಬಿನೊ: ಹಾಲಿನಂಥ ಬಿಳಿ ಮೈ, ಮೇಲೆ ಹಳದಿ ಮಚ್ಚೆ, ಕೆಂಪು ಕಣ್ಣು. ಇಂಥ ಬಣ್ಣದ ತಳಿಗಳಿಗೆ ಸಾಕುವವರು ಮಾರ್ಫ್ ಎನ್ನುತ್ತಾರೆ. ಮರಿಯಿದ್ದಾಗಿನಿಂದ ಅವಳೇ ಬೆಳೆಸಿದ ಹೆಣ್ಣು ಹಾವು ಅದು.

ಅವಳ ಅಡುಗೆಮನೆಯ ಟೈಲ್ಸ್ ಬದಲಿಸಲು ಬಂದವರು ಮೇಸ್ತ್ರಿ. ಯಾದಗಿರಿ ಕಡೆಯವರು. ಪ್ರಾಯದಲ್ಲಿ ಕಟ್ಟಡದ ಕೆಲಸಕ್ಕೆಂದು ಗುಂಪಿನೊಡನೆ ಪುಣೆಗೆ ಬಂದು, ಇಟ್ಟಿಗೆ ಹೊತ್ತು, ಆಮೇಲೆ ಟೈಲ್ಸ್ ಕೂಡಿಸುವುದು ಕಲಿತು ಇಲ್ಲೇ ನಿಂತವರು. ಅವರು ಕೆಲಸಕ್ಕೆ ಬಂದ ಎರಡನೆಯ ದಿನ ನಾನೂ ಅಲ್ಲಿದ್ದೆ. ಕೋಣೆಯ ಮೂಲೆಯ ಗಾಜಿನ ಪೆಟ್ಟಿಗೆಯನ್ನು ನೋಡಿದವರೇ, ಕರಣೆ ಕೆಳಗಿಟ್ಟು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತರು.

"ಅಕ್ಕಾರ, ನಮ್ಮನ್ಯಾಗೂ ಒಂದು ಬಿಳೀದು ಅದರಿ. ಗಂಡು."

ತಂಗಿ ನಂಬಲಿಲ್ಲ. ಮೇಸ್ತ್ರಿ ಮೊಬೈಲ್ ತೆಗೆದು ತೋರಿಸಿದರು. ಹಿಂದೊಮ್ಮೆ ಅವರು ಬಾತ್‌ರೂಮ್ ಮಾಡಿಕೊಟ್ಟ ಮನೆಯವರು ಊರು ಬಿಡುವಾಗ, ಹಾವನ್ನು ಯಾರಿಗೂ ಕೊಡಲಾಗದೆ, ಪ್ರತಿದಿನ ಅದನ್ನು ನೋಡುತ್ತ ನಿಲ್ಲುತ್ತಿದ್ದ ಇವರ ಕೈಗೆ ಕಾಗದಪತ್ರ ಸಮೇತ ಕೊಟ್ಟು ಹೋಗಿದ್ದರಂತೆ. ಆಮೇಲೆ ಬೇರೆ ಯಾರೋ ಒಂದು ಸಾದಾ ಕಂದು ಗಂಡು ಹಾವನ್ನೂ ಕೊಟ್ಟಿದ್ದರು. ಹೆಂಡತಿ ವರ್ಷವಿಡೀ ಬೈದು, ಕೊನೆಗೆ ಅವಳೇ ಇಲಿ ಹಾಕುವುದನ್ನು ಕಲಿತಳು ಎಂದರು.

ತಂಗಿ ಅವರನ್ನು ಪುಣೆಯ ಹಾವು ಸಾಕುವವರ ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಎಲ್ಲರೂ ಇಂಗ್ಲಿಷ್ ಕಲಿತವರು, ಕಾರಿನವರು. ಮೇಸ್ತ್ರಿ ಅಲ್ಲಿ ಮುರುಕು ಹಿಂದಿಯಲ್ಲಿ ಧ್ವನಿ ಸಂದೇಶ ಹಾಕುತ್ತಿದ್ದರು: ಪೊರೆ ಸರಿಯಾಗಿ ಬಿಡದಿದ್ದರೆ ಹೀಗೆ ಮಾಡಿ, ಇಲಿ ತಿನ್ನದಿದ್ದರೆ ಹಾಗೆ ಮಾಡಿ. ಆರು ತಿಂಗಳಲ್ಲಿ ಜನ ಅವರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡುವಂತಾಯಿತು. ತಮ್ಮ ಹಾವು ಎರಡು ತಿಂಗಳಿನಿಂದ ಉಪವಾಸವಿದೆ ಎಂದು ಔಂಧದ ಬಂಗಲೆಯವರು ಕಾರು ಕಳಿಸಿ ಕರೆಸಿಕೊಂಡಿದ್ದರು. "ಅವರ ಮನ್ಯಾಗ ಸೋಫಾದ ಮ್ಯಾಲ ಕುಂತು ಬಂದೀನ್ರಿ ಸರ. ಫರ್ಶಿ ಹಾಕಿದ ಮನೀ ಎಷ್ಟು ಅದಾವ, ಒಂದರಾಗರ ಕುಂತಿಲ್ಲ" ಎಂದು ನಗುತ್ತ ಹೇಳಿದ್ದರು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ನೆನಪಿರಬಾರದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಎರಡು ಬಿಳಿ ಹಾವುಗಳನ್ನು ಕೂಡಿಸುವ ಮಾತು ಬಂದದ್ದು ಇದಕ್ಕೆಲ್ಲ ಮೊದಲು, ಅಡುಗೆಮನೆಯ ಕೆಲಸ ಮುಗಿಯುವ ದಿನ. ಮೇಸ್ತ್ರಿ ತಮ್ಮ ಹಾವನ್ನು ಚೀಲದಲ್ಲಿ ತಂದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನನಗೆ ಎರಡೂ ಒಂದೇ ಥರ ಕಂಡವು. ತಂಗಿ ಕೇಳಿದಳು, "ಅಣ್ಣಾ, ಮರಿ ಯಾವ ಬಣ್ಣದ್ದು ಬರ್ತಾವ?"

ಇಂಥ ಪ್ರಶ್ನೆಯನ್ನು ನನ್ನಂಥವನಿಗೆ ಕೇಳಬಾರದು. ಖಾಲಿ ಟೈಲ್ಸ್ ಪೆಟ್ಟಿಗೆಯ ರಟ್ಟು ಎಳೆದುಕೊಂಡು ಚೌಕ ಬರೆದೆ. ಪ್ರತಿ ಪ್ರಾಣಿಯಲ್ಲೂ ಬಣ್ಣದ ಜೀನಿಗೆ ಎರಡು ಪ್ರತಿ ಇರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಎರಡರಲ್ಲಿ ಒಂದು ಚೆನ್ನಾಗಿದ್ದರೂ ಕಪ್ಪು ಬಣ್ಣ ತಯಾರಾಗುತ್ತದೆ. ಎರಡೂ ಕೆಟ್ಟರೆ ಮಾತ್ರ ಬಿಳಿ. ತಂದೆ ಬಿಳಿ, ಅಂದರೆ ಅವನ ಬಳಿ ಇರುವುದೆಲ್ಲ ಕೆಟ್ಟ ಪ್ರತಿ. ತಾಯಿಯೂ ಬಿಳಿ. ಮರಿಗೆ ಒಳ್ಳೆಯ ಪ್ರತಿ ಎಲ್ಲಿಂದ ಬರಬೇಕು? ನಾಲ್ಕೂ ಮನೆಯಲ್ಲಿ ಅದೇ ಅಕ್ಷರ ತುಂಬಿದೆ.

"ನೂರಕ್ಕ ನೂರು ಬಿಳಿ" ಎಂದೆ. ಇದನ್ನು ಹೇಳಿದ್ದು ನನಗೂ ನೆನಪಿದೆ, ತಂಗಿಗೂ ನೆನಪಿದೆ.

ಚಳಿಗಾಲದಲ್ಲಿ ಅವಳು ಹಾವನ್ನು ದಿಂಬಿನ ಚೀಲದಲ್ಲಿ ಹಾಕಿ, ಸ್ಕೂಟರಿನ ಮೇಲೆ ಮೇಸ್ತ್ರಿಯ ಮನೆಗೆ ಒಯ್ದು ಬಿಟ್ಟಳು. ಹುಟ್ಟುವ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ ಎಂದು ಮಾತಾಗಿತ್ತು. ಎರಡು ತಿಂಗಳು ಅಲ್ಲಿದ್ದು ಹಾವು ವಾಪಸು ಬಂತು. ಬೇಸಿಗೆಯಲ್ಲಿ ಏಳು ಮೊಟ್ಟೆ ಇಟ್ಟಿತು. ತಂಗಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ಆಫೀಸಿನಿಂದಲೂ ಮೊಬೈಲಿನಲ್ಲಿ ಅದರ ಶಾಖ ನೋಡುತ್ತ ಎರಡು ತಿಂಗಳು ಕಾದಳು. ಒಂದು ಮೊಟ್ಟೆ ಕೆಟ್ಟಿತು. ಮಳೆ ಶುರುವಾದ ವಾರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು.

"ಅಣ್ಣಾ, ಒಂದು ತಲಿ ಹೊರಗ ಬಂದದ."

"ಬಿಳೀದ ಹೌದಲ್ಲ?"

"ನೀನಽ ಬಂದು ನೋಡು."

ಕಂದು. ಎರಡನೆಯದೂ ಕಂದು. ಮಾರನೆಯ ದಿನ ಸಂಜೆಗೆ ಆರೂ ಹೊರಬಂದಿದ್ದವು, ಆರೂ ಕಪ್ಪು ಮೈಯ, ಕಂದು ಮಚ್ಚೆಯ, ಕಾಡಿನ ಯಾವ ಸಾದಾ ಹಾವಿಗಿಂತಲೂ ಬೇರೆಯಲ್ಲದ ಮರಿಗಳು. ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ತಂಗಿ ಅವುಗಳನ್ನು ನೋಡಿ ನಕ್ಕಳು, ನಿಜವಾಗಿ ಖುಷಿಯಿಂದಲೇ. ನನಗೆ ಮೈ ಉರಿಯಿತು. ಮರಿಗಳ ಬಣ್ಣ ಬದಲಾದದ್ದಕ್ಕಲ್ಲ, ನನ್ನ ಚೌಕ ಸುಳ್ಳಾದದ್ದಕ್ಕೆ. ಅದು ಸುಳ್ಳಾಗಲು ಸಾಧ್ಯವಿಲ್ಲ. ಹಾಗಾದರೆ ಸುಳ್ಳಾದದ್ದು ಬೇರೇನೋ ಇರಬೇಕು. ಹೆಣ್ಣನ್ನು ಮರಿಯಿಂದ ತಂಗಿಯೇ ಬೆಳೆಸಿದ್ದಾಳೆ, ಬೇರೆ ಗಂಡಿನ ಜೊತೆ ಎಂದೂ ಬಿಟ್ಟಿಲ್ಲ. ಎರಡು ತಿಂಗಳು ಇದ್ದದ್ದು ಮೇಸ್ತ್ರಿಯ ಮನೆಯಲ್ಲಿ. ಅಲ್ಲಿ ಒಂದು ಕಂದು ಗಂಡು ಇದೆ. ಲೆಕ್ಕ ಮುಗಿಯಿತು.

ಆ ವಾರವೇ ನಾವಿಬ್ಬರೂ ಗುಡ್ಡದ ಬದಿಯ ಅವರ ಮನೆಗೆ ಹೋದೆವು. ಅಲ್ಲಿ ನಡೆದದ್ದರ ಮೂರು ಆವೃತ್ತಿಗಳನ್ನು ಮೊದಲೇ ಹೇಳಿದ್ದೇನೆ. ಮೂರರಲ್ಲೂ ಸಾಮಾನ್ಯವಾದದ್ದು ಇಷ್ಟು: ನಾನು ಕಂದು ಹಾವಿನ ಡಬ್ಬಿಯನ್ನು ತೋರಿಸಿದೆ. ಮೇಸ್ತ್ರಿ ಅದನ್ನೂ ನನ್ನನ್ನೂ ನೋಡಿದರು.

"ಆ ಹಾವು ಅಕ್ಕಾರ ಹಾವಿನ ಹಂತೇಕ ಹೋಗಿಲ್ರಿ ಸರ. ಡಬ್ಬೀನ ತಗದಿಲ್ಲ."

"ಮತ್ತ ಕಂದು ಮರಿ ಎಲ್ಲಿಂದ ಬಂದ್ವು?"

"ನನಗೇನು ಗೊತ್ರಿ? ನೀವು ಓದಿದವರು, ನೀವಽ ಹೇಳ್ರಿ."

ನಾನು ಹೇಳಿದೆ. ಏನು ಹೇಳಿದೆನೋ ಅದನ್ನು. ಅವರ ಹೆಂಡತಿ ಕುಳಿತಲ್ಲಿಂದಲೇ, "ಮೂರು ಹಾವಿನ ಹೇಲು ಬಳಿಯಾಕಿ ನಾನು. ಯಾವುದರ ಬಾಜೂಕ ಯಾವುದು ಇತ್ತು ನನಗ ಗೊತ್ತಿಲ್ಲೇನು?" ಎಂದರು. ಮೇಸ್ತ್ರಿ ಅವರನ್ನು ಸುಮ್ಮನಿರಿಸಿ ತಂಗಿಯ ಕಡೆ ತಿರುಗಿದರು. "ಅಕ್ಕಾರ, ನನ್ನ ಪಾಲಿನ ಮರಿ ಬ್ಯಾಡ್ರಿ. ಎಲ್ಲಾ ನೀವಽ ಇಟಗೋರಿ."

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಮನೆಗೆ ಬಂದು, ತಂಗಿಯ ಫೋನಿನಿಂದಲೇ, ಅವಳು ಬೇಡವೆಂದರೂ, ಆ ಗುಂಪಿನಲ್ಲಿ ಬರೆದೆ: ಎರಡು ಅಲ್ಬಿನೊಗಳಿಗೆ ಕಂದು ಮರಿ ಹುಟ್ಟುವುದು ಅಸಾಧ್ಯ, ಆದ್ದರಿಂದ ಹಾವನ್ನು ಕೂಡಿಸಲು ಬೇರೆಯವರ ಮನೆಗೆ ಕಳಿಸುವವರು ಎಚ್ಚರವಾಗಿರಿ. ಹೆಸರು ಬರೆಯಲಿಲ್ಲ. ಬರೆಯುವ ಅಗತ್ಯವಿರಲಿಲ್ಲ. ಮೇಸ್ತ್ರಿಯ ಧ್ವನಿ ಸಂದೇಶಗಳು ಆ ವಾರವೇ ನಿಂತವು. ಯಾರೂ ಅವರನ್ನು ಏನೂ ಕೇಳಲಿಲ್ಲ, ಕಾರೂ ಕಳಿಸಲಿಲ್ಲ.

ದೀಪಾವಳಿ ರಜೆಯಲ್ಲಿ ನಾನು ಮುಂದಿನ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೆ. ಪ್ರತಿವರ್ಷ ಹಾಕುವ ಒಂದು ಪ್ರಶ್ನೆಯನ್ನು ಹಳೆಯ ಪತ್ರಿಕೆಯಿಂದ ತೆಗೆದು ಹೊಸದರಲ್ಲಿ ಸೇರಿಸಿದೆ: ಬಟಾಣಿ ಜಾತಿಯ ಎರಡು ಬಿಳಿ ಹೂವಿನ ಗಿಡಗಳನ್ನು ಕೂಡಿಸಿದಾಗ ಹುಟ್ಟಿದ ಗಿಡಗಳೆಲ್ಲ ನೇರಳೆ ಹೂ ಬಿಟ್ಟವು, ಕಾರಣವೇನು? ಕೆಳಗೆ ಉತ್ತರ ಟೈಪ್ ಮಾಡುವಾಗ ಕೈ ನಿಂತಿತು.

ಬಣ್ಣ ಒಂದೇ ಜೀನಿನ ಕೆಲಸವಲ್ಲ. ಒಬ್ಬರ ಮನೆಯಲ್ಲಿ ಹಿಟ್ಟಿಲ್ಲ, ಇನ್ನೊಬ್ಬರ ಮನೆಯಲ್ಲಿ ಒಲೆ ಇಲ್ಲ. ಎರಡೂ ಮನೆಯಲ್ಲಿ ರೊಟ್ಟಿ ಆಗುವುದಿಲ್ಲ. ಹೊರಗಿನಿಂದ ನೋಡುವವನಿಗೆ ಇಬ್ಬರೂ ಉಪವಾಸ, ಅಷ್ಟೇ. ಆದರೆ ಆ ಎರಡು ಮನೆ ಕೂಡಿದರೆ ಇವರ ಹಿಟ್ಟು, ಅವರ ಒಲೆ, ರೊಟ್ಟಿ ತಯಾರು. ಎರಡು ಬಿಳಿ ಹಾವುಗಳು ಬಿಳಿಯಾದದ್ದು ಎರಡು ಬೇರೆ ಕಾರಣಗಳಿಂದಾದರೆ, ಒಂದರಲ್ಲಿ ಕೆಟ್ಟದ್ದಕ್ಕೆ ಇನ್ನೊಂದು ಒಳ್ಳೆಯ ಪ್ರತಿ ಕೊಡುತ್ತದೆ. ಮರಿಗಳು ಆರಲ್ಲ, ಅರವತ್ತಾದರೂ ಕಂದೇ. ಹನ್ನೊಂದು ವರ್ಷದಿಂದ ಇದನ್ನು ಕಲಿಸುತ್ತಿದ್ದೇನೆ. ಹೂವಿನ ಪಾಠದಲ್ಲಿದ್ದದ್ದು ಹಾವಿಗೂ ಅನ್ವಯಿಸಬಹುದು ಎಂದು ನನಗೆ ಹೊಳೆದಿರಲಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ಆ ಎರಡು ಪ್ರಶ್ನೆಗಳು ಬೇರೆ ಬೇರೆ ಪುಟದಲ್ಲಿ ಬರುತ್ತವೆ.

ಹುಡುಕಿದರೆ ಹತ್ತು ನಿಮಿಷದಲ್ಲಿ ಸಿಕ್ಕಿತು. ಬಾಲ್ ಪೈಥಾನಿನಲ್ಲಿ ಅಲ್ಬಿನೊ ಬೇರೆ, ಲ್ಯಾವೆಂಡರ್ ಅಲ್ಬಿನೊ ಬೇರೆ. ಎರಡನೆಯದರ ಬಿಳಿಯಲ್ಲಿ ಚೂರು ನೇರಳೆ ಛಾಯೆ, ಕಣ್ಣು ಇನ್ನೂ ಗಾಢ ಕೆಂಪು. ಎರಡನ್ನು ಕೂಡಿಸಿದರೆ ಸಾದಾ ಮರಿಗಳು ಬರುತ್ತವೆ ಎಂಬುದು ಇಂಥ ಹಾವು ಸಾಕುವವರಿಗೆ ಹಳೆಯ ಸಂಗತಿ. ತಂಗಿಯ ಮೊಬೈಲಿನಲ್ಲಿದ್ದ ಮೇಸ್ತ್ರಿಯ ಹಾವಿನ ಫೋಟೊ ದೊಡ್ಡದು ಮಾಡಿ ನೋಡಿದೆ. ಕಣ್ಣು ದಾಳಿಂಬೆ ಕಾಳಿನ ಹಾಗಿತ್ತು. ನಾನು ಎಲ್ಲರನ್ನೂ ಅನುಮಾನಿಸಿದ್ದೆ, ನನ್ನ ಚೌಕವೊಂದನ್ನು ಬಿಟ್ಟು.

ಮೇಸ್ತ್ರಿ ಆಗ ಹಿಂಜವಾಡಿಯಲ್ಲಿ ಏಳುತ್ತಿದ್ದ ಹೊಸ ಕಟ್ಟಡವೊಂದರ ಒಂಬತ್ತನೆಯ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದರು. ಲಿಫ್ಟ್ ಇನ್ನೂ ಬಂದಿರಲಿಲ್ಲ. ಹತ್ತಿ ಹೋಗುವಷ್ಟರಲ್ಲಿ ನಾನು ಮನಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಉಸಿರಿನ ಜೊತೆ ಹೋಯಿತು.

"ತಪ್ಪು ನಂದು ಮೇಸ್ತ್ರಿ. ನಿಮ್ಮ ಹಾವು ಬ್ಯಾರೆ ಜಾತಿ ಬಿಳೀದು."

ಅವರು ಟೈಲನ್ನು ಮರದ ಹಿಡಿಯಿಂದ ತಟ್ಟುತ್ತಲೇ ಇದ್ದರು. "ಅದನ್ನ ನಾ ಮೊದಲಽ ಹೇಳಿದ್ದೆ ಅಲ್ರಿ."

"ಯಾವಾಗ?"

"ಅಕ್ಕಾರ ಅಡಗೀಮನ್ಯಾಗ. ನೀವು ರಟ್ಟಿನ ಮ್ಯಾಲ ಬರೀಲಿಕ್ಕ ಕುಂತಾಗ. ಎರಡೂ ಒಂದು ಬ್ಯಾಚಿನವು ಅಲ್ರಿ ಸರ, ಶೇಡ್ ಬ್ಯಾರೆ ಅದ ಅಂದೆ. ನೀವು ನಕ್ಕ್ರಿ."

ಟೈಲ್ಸ್ ಕೆಲಸದವರಿಗೆ ಇದು ದಿನದ ಮಾತು. ಒಂದೇ ಕಂಪನಿಯ, ಒಂದೇ ಹೆಸರಿನ ಬಿಳಿ ಟೈಲ್ಸ್ ಭಟ್ಟಿಯಲ್ಲಿ ಬೇರೆ ಬೇರೆ ಸಲ ಸುಟ್ಟಾಗ ಬಿಳಿಯ ಛಾಯೆ ಚೂರು ಬದಲಾಗುತ್ತದೆ. ಅದಕ್ಕೇ ಪ್ರತಿ ಪೆಟ್ಟಿಗೆಯ ಮೇಲೆ ಶೇಡ್ ನಂಬರ್ ಇರುತ್ತದೆ. ನಂಬರ್ ನೋಡದೆ ಕೂಡಿಸಿದರೆ ಗೋಡೆ ಮುಗಿದ ಮೇಲೆ ಮಾಲೀಕ ಬೈಯುತ್ತಾನೆ. ಮೂವತ್ತು ವರ್ಷ ಬಿಳಿಯಿಂದ ಬಿಳಿಯನ್ನು ಬೇರ್ಪಡಿಸಿದ ಕಣ್ಣು ಅವರದು. ಅವರು ಹಾಗೆ ಹೇಳಿರಬಹುದು. ಆದರೆ ನನಗೆ ನೆನಪಿರಲಿಲ್ಲ. ಆಗ ನಾನು ಇನ್ನೊಂದು ತಪ್ಪು ಮಾಡಿದೆ.

"ನೀವು ಅದನ್ನ ಮರಿ ಹುಟ್ಟಿದ ಮ್ಯಾಲ ಹೇಳಿರಬೇಕು" ಎಂದೆ. "ಆಮ್ಯಾಲ ನಡೆದದ್ದು ಮೊದಲಽ ಗೊತ್ತಿತ್ತು ಅಂತ ಎಲ್ಲರಿಗೂ ಅನಸ್ತದ."

ಮೇಸ್ತ್ರಿ ತಟ್ಟುವುದನ್ನು ನಿಲ್ಲಿಸಿದರು. "ಮರಿ ಹುಟ್ಟಿದ ಮ್ಯಾಲ ನಾ ಮಾತಾಡಿದ್ದು ಎರಡಽ ಮಾತು ಸರ. ತಪ್ಪು ಒಪ್ಪಲಿಕ್ಕ ಬಂದೀರೋ, ಮತ್ತ ನನ್ನ ಸುಳ್ಳ ಮಾಡಲಿಕ್ಕ ಬಂದೀರೋ?"

ಏನು ಮಾಡಲಿ ಎಂದು ಕೇಳಿದೆ. ಗುಂಪಿನಲ್ಲಿ ಹಾಕಿದ್ದನ್ನು ಗುಂಪಿನಲ್ಲೇ ತೆಗೆಯಿರಿ ಎಂದರು. ಆ ಸಂಜೆಯೇ ಬರೆದೆ, ಉದ್ದವಾಗಿ, ಹಿಟ್ಟು ಒಲೆಯ ಉದಾಹರಣೆಯನ್ನೂ ಸೇರಿಸಿ. ಇಬ್ಬರು ಮೆಚ್ಚುಗೆಯ ಹೆಬ್ಬೆರಳು ಒತ್ತಿದರು. ಒಬ್ಬ, ಹೋದ ಸಲವೂ ಸರ್ ಇಷ್ಟೇ ಖಚಿತವಾಗಿದ್ದರು ಎಂದು ಬರೆದ. ಇನ್ನೊಬ್ಬ ಪುರಾವೆ ಕೇಳಿದ.

ಪುರಾವೆಗೆ ದಾರಿಯಿತ್ತು. ಕಂದು ಮರಿಗಳಲ್ಲಿ ಒಂದು ಹೆಣ್ಣನ್ನು ಬೆಳೆಸಿ, ಮೂರು ವರ್ಷದ ನಂತರ ಮೇಸ್ತ್ರಿಯ ಬಿಳಿ ಗಂಡಿನ ಜೊತೆ ಕೂಡಿಸಬೇಕು. ಆ ಗಂಡು ನಿಜವಾಗಿ ತಂದೆಯಾಗಿದ್ದರೆ ಮರಿಗಳಲ್ಲಿ ಅರ್ಧದಷ್ಟು ಬಿಳಿ ಬರುತ್ತವೆ. ಆಗ ಯಾರೂ ಮಾತಾಡುವಂತಿಲ್ಲ. ತಂಗಿ ಸ್ಪೀಕರ್ ಹಾಕಿ ಮೇಸ್ತ್ರಿಗೆ ಫೋನ್ ಮಾಡಿದಳು. ನಾನು ಉತ್ಸಾಹದಿಂದ ವಿವರಿಸಿದೆ.

"ಅಂದ್ರ ತಂದೀಗಿ ಮಗಳನ್ನ ಕೊಡಬೇಕೇನ್ರಿ?"

"ಕಾಕಾ, ಹಾವು ಅವು" ಎಂದಳು ತಂಗಿ.

"ಹಾವಾದ್ರೇನವ್ವ? ನನ್ನ ಮನ್ಯಾಗ ಅದಾವಲ್ಲ. ಸೋದರಮಾವ ಆಗಿದ್ರ ನೋಡಬಹುದಿತ್ತು."

ಅಣ್ಣ ತಂಗಿ ಮರಿಗಳನ್ನು ಕೂಡಿಸಿದರೂ ಆಗುತ್ತದೆ ಎಂದೆ. ಆ ಕಡೆಯಿಂದ ಅವರ ಹೆಂಡತಿ, "ಇಡ್ರಿ ಫೋನು" ಎಂದದ್ದು ನಮಗೂ ಕೇಳಿಸಿತು. ನಾನು ಎರಡು ವಾರ ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಸಾಕುವವರೆಲ್ಲ ಮಾಡುತ್ತಾರೆ, ಹಾವಿಗೆ ತಂದೆ ಯಾರೆಂದು ಗೊತ್ತಿರುವುದಿಲ್ಲ, ನಿಮ್ಮ ಹೆಸರು ಉಳಿಯುವ ದಾರಿ ಇದೊಂದೇ. ಕೊನೆಗೆ ಮೇಸ್ತ್ರಿ ಹೇಳಿದರು, "ಸರ, ನಾ ಹಾವು ಅದಲುಬದಲ ಮಾಡಿಲ್ಲ ಅನ್ನೂದು ನನಗ ಗೊತ್ತದ, ನನ್ನ ಹೆಂಡತಿಗಿ ಗೊತ್ತದ. ಅದಕ್ಕ ಪುರಾವೆ ಬ್ಯಾಡ. ಅಡಗೀಮನ್ಯಾಗ ನಾ ಹೇಳಿದ್ದೆ ಅನ್ನೂದನ್ನ ಒಪ್ಪರಿ. ಅಷ್ಟಽ ಸಾಕು."

ನೆನಪಿಲ್ಲದ್ದನ್ನು ಹೇಗೆ ಒಪ್ಪಲಿ? ಒಪ್ಪಿಬಿಡು, ನಿನಗೇನು ಹೋಗುತ್ತದೆ ಎಂದು ತಂಗಿ ಬೈದಳು. ಅವಳು ಆ ದಿನ ಹಾವುಗಳನ್ನು ಹಿಡಿದುಕೊಂಡಿದ್ದಳು, ಅವಳಿಗೂ ನೆನಪಿರಲಿಲ್ಲ. ಸುಮ್ಮನೆ ಹೂಂ ಎಂದರೆ ಮೇಸ್ತ್ರಿಗೆ ಗೊತ್ತಾಗುತ್ತಿತ್ತು. ಎರಡು ಬಿಳಿಯ ನಡುವಿನ ವ್ಯತ್ಯಾಸ ಕಂಡವರು ಅವರು.

ಹೋದ ತಿಂಗಳು ತಂಗಿ ಗಾಜಿನ ಪೆಟ್ಟಿಗೆಯನ್ನು ಬೇರೆ ಗೋಡೆಗೆ ಸರಿಸಲು ನನ್ನನ್ನು ಕರೆದಳು. ಎತ್ತಿದಾಗ ಅದರ ಅಡಿಯಲ್ಲಿ, ನೆಲಕ್ಕೆ ಗೀರು ಬೀಳದಿರಲೆಂದು ಹಾಸಿದ ರಟ್ಟು ಕಂಡಿತು. ಟೈಲ್ಸ್ ಪೆಟ್ಟಿಗೆಯ ರಟ್ಟು. ತಿರುಗಿಸಿದೆ. ನೀಲಿ ಬಾಲ್‌ಪೆನ್ನಿನಲ್ಲಿ ನನ್ನ ಚೌಕ, ನಾಲ್ಕೂ ಮನೆಯಲ್ಲಿ ಅದೇ ಅಕ್ಷರ. ರಟ್ಟಿನ ಮೂಲೆಯಲ್ಲಿ ಅಚ್ಚಾದ ಶೇಡ್ ನಂಬರ್. ನಂಬರಿನ ಸುತ್ತ ಕೆಲಸಗಾರರ ದಪ್ಪ ಪೆನ್ಸಿಲಿನ ಒಂದು ದುಂಡು ಗೆರೆ.

ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನ್ನೊಳಗಿನವನು ತಕ್ಷಣ ಹೇಳಿದ. ಟೈಲ್ಸ್ ಇಳಿಸುವಾಗ ಗುರುತು ಮಾಡಿರಬಹುದು, ಆಮೇಲೆ ಯಾವಾಗಲಾದರೂ ಮಾಡಿರಬಹುದು. ಆದರೆ ಆ ದುಂಡು ಗೆರೆಯಿಂದ ಬಾಲದಂತೆ ಎರಡು ಗೆರೆ ಹೊರಟಿದ್ದವು. ಒಂದರ ತುದಿಯಲ್ಲಿ ಹಾವಿನಂಥ ಒಂದು ಸುತ್ತು, ಇನ್ನೊಂದರ ತುದಿಯಲ್ಲೂ ಅಂಥದೇ ಸುತ್ತು, ಎರಡೂ ಬೇರೆ ಎನ್ನುವಂತೆ ನಡುವೆ ಒಂದು ಅಡ್ಡ ಗೀಟು. ಎರಡನೆಯ ಸುತ್ತಿನ ಅರ್ಧ ನನ್ನ ಚೌಕದ ಒಳಗಿತ್ತು, ಅದರ ಎಡಗೆರೆಯನ್ನು ದಾಟಿ.

ಹಾಗಾದರೆ ಉಳಿದದ್ದು ಒಂದೇ ಪ್ರಶ್ನೆ, ಮೊದಲು ಬಿದ್ದದ್ದು ಯಾವುದು, ಅವರ ಗೆರೆಯೋ ನನ್ನ ಚೌಕವೋ. ರಟ್ಟನ್ನು ಕ್ಲಾಸಿಗೆ ಒಯ್ದೆ. ಅದರ ಖಾಲಿ ಅಂಚಿನಲ್ಲಿ ಪೆನ್ಸಿಲಿನ ಮೇಲೆ ಪೆನ್ನು, ಪೆನ್ನಿನ ಮೇಲೆ ಪೆನ್ಸಿಲು, ಎರಡನ್ನೂ ಐದೈದು ಸಲ ಗೀಚಿ ಸೂಕ್ಷ್ಮದರ್ಶಕದ ಕೆಳಗೆ ನೋಡಿ ವ್ಯತ್ಯಾಸವನ್ನು ಕಣ್ಣಿಗೆ ರೂಢಿ ಮಾಡಿಕೊಂಡೆ. ಆಮೇಲೆ ಚೌಕದ ಎಡಗೆರೆಯನ್ನು ಮಸೂರದ ಕೆಳಗಿಟ್ಟೆ. ಅದು ಪೆನ್ಸಿಲನ್ನು ದಾಟುವ ಎರಡು ಜಾಗಗಳಲ್ಲೂ ನನ್ನ ನೀಲಿ ಶಾಯಿ ಮೇಲಿದೆ, ಅವರ ಪೆನ್ಸಿಲ್ ಕೆಳಗಿದೆ.